ಅರ್ಧ ಗಂಟೆಗೆ ವೀರಾಪುರ

ಲೇಪಾಕ್ಷಿಗೆ ಹೊರಟಿದ್ದೀರಾ?
ಅರ್ಧ ಗಂಟೆ ಬಿಡುವಿದೆಯಾ?

ಹಾಗಾದ್ರೆ ವೀರಾಪುರಕ್ಕೆ ಬನ್ನಿ.
ಹಿಂದೂಪುರದ ಹತ್ತಿರ,
ಚಿಲಮತ್ತೂರು ಮಂಡಲದ ಪುಟ್ಟ ಊರು.

ಇಲ್ಲಿ ಹಕ್ಕಿಗಳಿರೋದು ಕಾಡಲ್ಲಲ್ಲ.
ಮನೆಗಳ ನಡುವೆ,
ಹುಣಸೆ ಮರಗಳ ಮೇಲೆ!

ಹಳದಿ ಕೊಕ್ಕು,
ರೆಕ್ಕೆಯ ಅಂಚಲ್ಲಿ ಗುಲಾಬಿ.
ಇವೇ ಬಣ್ಣದ ಕೊಕ್ಕರೆಗಳು.

ಊಟ ಎಲ್ಲಿ?
ಸುತ್ತಲಿನ ಕೆರೆಗಳಲ್ಲಿ.
ಆಳವಿಲ್ಲದ ನೀರಲ್ಲಿ ಕೊಕ್ಕು ಅರ್ಧ ತೆರೆದು ಹುಡುಕ್ತವೆ.
ಮೀನು ತಾಗಿತೋ,
ಟಪ್! ಕೊಕ್ಕು ಮುಚ್ಚುತ್ತೆ.

ಬೇಸಿಗೆಯಲ್ಲಿ ಗೂಡಲ್ಲಿ ಮರಿಗಳಿರ್ತವೆ.
ನೋಡೋಕೆ ಜನ ಸೇರ್ತಾರೆ.
ಗದ್ದಲಕ್ಕೆ ತಾಯಿ ಹಾರಿಹೋದ್ರೆ,
ಮರಿಗೆ ನೆರಳು ತಪ್ಪುತ್ತೆ,
ಕಾಗೆ ಕಣ್ಣಿಗೆ ಬೀಳುತ್ತೆ.

ಬಾಣಂತಿ ಇರೋ ಮನೆಗೆ ಹೋದಾಗ
ಹೇಗೆ ಇರ್ತೀರಿ?
ಮೆಲ್ಲಗೆ ಮಾತು, ಬೇಗ ಹೊರಡೋದು.
ಇಲ್ಲೂ ಹಾಗೇ.

ಗಾಡಿ ದೂರ ನಿಲ್ಲಿಸಿ.
ಹಾರ್ನ್ ಬೇಡ, ಡ್ರೋನ್ ಬೇಡ.
ಗೂಡಿನ ಕೆಳಗೆ ನಿಲ್ಲಬೇಡಿ.
ಕಲ್ಲು, ಚಪ್ಪಾಳೆ ಬೇಡವೇ ಬೇಡ.

ಈ ಹಕ್ಕಿಗಳನ್ನು ಊರಿನವರು
ಮನೆಮಕ್ಕಳಂತೆ ಕಾಯ್ತಿದ್ದಾರೆ.
ಅವರ ಮಾತು ಕೇಳಿ.
ಕಣ್ತುಂಬ ನೋಡಿ,
ಮುಂದಿನವರಿಗೆ ಜಾಗ ಬಿಡಿ.

ಮತ್ತೆ, ನಿಮ್ಮೂರ ಕೆರೆ ಉಳಿಸಿಕೊಳ್ಳಿ.
ನೀರಿದ್ರೆ ಮೀನು,
ಮೀನಿದ್ರೆ ಕೊಕ್ಕರೆ!