ಕರಾವಳಿ ಪ್ರವಾಸದಲ್ಲಿ ಊಟ ಎಲ್ಲಿ?

ಬೇಸಿಗೆ ರಜೆ ಬಂತೆಂದರೆ ನಮ್ಮ ಜನ್ನಾಪುರದ ಸಂಸಾರಗಳು ಘಟ್ಟ ಇಳಿದು ಉಡುಪಿ, ಮುರುಡೇಶ್ವರ, ಗೋಕರ್ಣಗಳಿಗೆ ಹೊರಡುತ್ತವೆ. ಹಿಂದಿರುಗಿದ ಮೇಲೆ ವಾಂತಿಭೇದಿಯಾದ ಮಕ್ಕಳನ್ನು ನನ್ನಲ್ಲಿಗೆ ಕರೆತರುತ್ತಾರೆ. ವಿಚಾರಿಸಿದರೆ, ಅನೇಕ ವೇಳೆ ಮಗು ಕಡಲತೀರದಲ್ಲಿ ಐಸ್ ಹಾಕಿದ ಶರಬತ್ತು ಕುಡಿದಿರುತ್ತದೆ, ಹೆಚ್ಚಿಟ್ಟ ಹಣ್ಣು ತಿಂದಿರುತ್ತದೆ.

ಸೆಕೆಯಲ್ಲಿ ಆಹಾರದೊಳಗಿನ ರೋಗಾಣುಗಳು ಬೇಗ ವೃದ್ಧಿಯಾಗುತ್ತವೆ. ಆದ್ದರಿಂದ ಹೋಟೆಲಿನ ಹೆಸರಿಗಿಂತ ತಟ್ಟೆಯ ಹಬೆ ನೋಡಿ. ಜನ ಹೆಚ್ಚಿರುವ ಕಡೆ ಬಿಸಿ ಇಡ್ಲಿ, ಕುಚ್ಚಲಕ್ಕಿ ಗಂಜಿ, ಆಗತಾನೇ ಕರಿದ ಮೀನು ತಿನ್ನಬಹುದು. ಬೆಳಗಿನ ಕಾಯಿಚಟ್ನಿ ಸಂಜೆಗೆ ಬೇಡ. ಕುಡಿಯಲು ಕುದಿಸಿದ ನೀರು ಅಥವಾ ಕಣ್ಣೆದುರೇ ಕೆತ್ತಿಸಿದ ಎಳನೀರು.

ಭೇದಿಗೆ ಓಆರ್‌ಎಸ್ ಸಿಗದಿದ್ದರೆ, ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಸಮಮಟ್ಟದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸಿ. ಕಣ್ಣು ಗುಳಿಬಿದ್ದರೆ, ಮೂತ್ರ ಕಡಿಮೆಯಾದರೆ, ಮಲದಲ್ಲಿ ರಕ್ತ ಕಂಡರೆ ಊರಿಗೆ ಮರಳುವವರೆಗೆ ಕಾಯಬೇಡಿ; ಅಲ್ಲಿಯೇ ವೈದ್ಯರಿಗೆ ತೋರಿಸಿ.