ಕಾಂಟ್ರಾ ಆಡಿದ್ದು ನೆನಪಿದೆಯಾ? ಆ ಹೆಸರಲ್ಲಿ ಹೊಸ ಆಟ ಮಾಡಿದ್ದು ಬೇರೆಯವರು! ಏನಿದು ಲೈಸೆನ್ಸ್ ಲೆಕ್ಕ?

ಬೇಸಿಗೆ ರಜೆಯಲ್ಲಿ ಟಿವಿಗೆ ವಿಡಿಯೋ ಗೇಮ್ ಸಿಕ್ಕಿಸಿ, ಅಣ್ಣನ ಕೈಲೊಂದು ರಿಮೋಟ್ ತಮ್ಮನ ಕೈಲೊಂದು ರಿಮೋಟ್ ಹಿಡಿದು ಕಾಂಟ್ರಾ ಆಡಿದವರು ನಮ್ಮ ತಾಲೂಕಿನಲ್ಲೂ ಸಾಕಷ್ಟು ಜನ ಇದ್ದಾರೆ. ಒಬ್ಬನದು ನೀಲಿ ಪ್ಯಾಂಟ್, ಇನ್ನೊಬ್ಬನದು ಕೆಂಪು ಪ್ಯಾಂಟ್, ಇಬ್ಬರಿಗೂ ಷರ್ಟ್ ಇಲ್ಲ. ‘ಎಸ್’ ಅಕ್ಷರ ಸಿಕ್ಕರೆ ಒಂದೇ ಸಲಕ್ಕೆ ಐದು ಗುಂಡು. ಅದಕ್ಕಾಗಿಯೇ ಮನೆಯಲ್ಲಿ ಜಗಳ ಆಗ್ತಿತ್ತು.

ಆ ಕಾಂಟ್ರಾ ಜಪಾನಿನ ಕೊನಾಮಿ ಕಂಪನಿಯದ್ದು. 1987ರಲ್ಲಿ ಮೊದಲು ಬಂತು. ಅದೇ ಕಥೆಯನ್ನು ಹೊಸದಾಗಿ ಹೇಳುವ ‘ಕಾಂಟ್ರಾ: ಆಪರೇಷನ್ ಗಲುಗಾ’ 2024ರ ಮಾರ್ಚ್‌ನಲ್ಲಿ ಬಿಡುಗಡೆಯಾಯಿತು. ಹೆಸರು ಕೊನಾಮಿಯದ್ದೇ, ಮಾರಿದ್ದೂ ಕೊನಾಮಿಯೇ. ಆದರೆ ಕೂತು ಆಟ ಮಾಡಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದ ವೇಫಾರ್ವರ್ಡ್ ಅನ್ನೋ ಸ್ವತಂತ್ರ ಸ್ಟುಡಿಯೋ.

ಈ ವಿಷಯವನ್ನು ಬಸ್ ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿ ಅಣ್ಣನಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: “ಹೆಸರು ಅವರದ್ದು, ಮಾಲು ಇವರದ್ದು ಅಂದ್ರೆ ಅದು ಡೂಪ್ಲಿಕೇಟ್ ಅಲ್ವೇನೋ?” ಅಲ್ಲ. ಯಾಕೆ ಅಲ್ಲ ಅನ್ನೋದನ್ನೇ ಇಲ್ಲಿ ಬಿಡಿಸಿ ಹೇಳೋಕೆ ಹೊರಟಿದ್ದೀನಿ.

ಬೋರ್ಡ್ ಒಬ್ಬರದ್ದು, ಒಲೆ ಇನ್ನೊಬ್ಬರದ್ದು

ಫ್ರಾಂಚೈಸಿ ಅಂದ ಕೂಡಲೇ ನಮ್ಮ ವ್ಯಾಪಾರಸ್ಥರಿಗೆ ನೆನಪಾಗೋದು ಟೀ ಅಂಗಡಿ, ಐಸ್‌ಕ್ರೀಂ ಪಾರ್ಲರ್. ಡೆಪಾಸಿಟ್ ಕಟ್ಟಬೇಕು, ಅವರ ಬೋರ್ಡ್ ಹಾಕಬೇಕು, ಅವರು ಕಳಿಸಿದ ಪುಡಿಯಲ್ಲೇ ಟೀ ಮಾಡಬೇಕು. ರುಚಿ ಬದಲಾಯಿಸುವ ಹಾಗಿಲ್ಲ. ಗೇಮ್ ಲೋಕದಲ್ಲಿ ಫ್ರಾಂಚೈಸಿ ಅಂದರೆ ಒಂದೇ ಹೆಸರಿನಲ್ಲಿ ಬರುವ ಆಟಗಳ ಸರಣಿ: ಮಾರಿಯೋ, ಸೋನಿಕ್, ಜೆಲ್ಡಾ, ಕಾಂಟ್ರಾ. ಇಲ್ಲಿ ಹೊರಗಿನ ಸ್ಟುಡಿಯೋಗೆ ಹೆಸರು ಕೊಡೋದು ಅಂದರೆ ಬೋರ್ಡ್ ಜೊತೆ ಅಡುಗೆಮನೆ ಬೀಗದ ಕೈಯನ್ನೂ ಕೊಟ್ಟ ಹಾಗೆ. ಅಡುಗೆ ಅವರೇ ಮಾಡ್ತಾರೆ, ಯಜಮಾನರು ಬಂದು ರುಚಿ ನೋಡಿ ‘ಆಗಬಹುದು’ ಅಂದ ಮೇಲೆ ಬಡಿಸಬೇಕು.

ದುಡ್ಡಿನ ವ್ಯವಹಾರ ಸಾಮಾನ್ಯವಾಗಿ ಎರಡು ಥರ ಇರುತ್ತೆ. ಒಂದು ಗುತ್ತಿಗೆ: ಹೆಸರಿನ ಮಾಲೀಕರೇ ದುಡ್ಡು ಹಾಕಿ ‘ಮಾಡಿಕೊಡಿ’ ಅಂತಾರೆ, ಬಂದದ್ದೆಲ್ಲ ಅವರದ್ದು. ಇನ್ನೊಂದು ಲೈಸೆನ್ಸ್: ಮಾಡುವವರೇ ದುಡ್ಡು ಹಾಕಿ ಮಾರ್ತಾರೆ, ಮಾರಿದ್ದರಲ್ಲಿ ಇಷ್ಟು ಅಂತ ಹೆಸರಿನವರಿಗೆ ರಾಯಲ್ಟಿ ಕೊಡ್ತಾರೆ. ಸೆಗಾ ಕಂಪನಿಯ ಹಳೇ ಹೊಡೆದಾಟದ ಆಟ ‘ಸ್ಟ್ರೀಟ್ಸ್ ಆಫ್ ರೇಜ್’ ಎರಡನೇ ದಾರಿಯಲ್ಲಿ ಬಂತು. ಮೂರನೇ ಭಾಗ ಬಂದಿದ್ದು 1994ರಲ್ಲಿ. ನಾಲ್ಕನೇ ಭಾಗಕ್ಕೆ 2020ರ ತನಕ, ಅಂದರೆ 26 ವರ್ಷ ಕಾಯಬೇಕಾಯಿತು. ಅದನ್ನು ತಂದಿದ್ದು ಸೆಗಾ ಅಲ್ಲ, ಪ್ಯಾರಿಸ್‌ನ ಡಾಟ್‌ಎಮು. ಜೊತೆಗೆ ಲಿಜಾರ್ಡ್‌ಕ್ಯೂಬ್, ಗಾರ್ಡ್ ಕ್ರಷ್ ಅನ್ನೋ ಸಣ್ಣ ತಂಡಗಳು.

ದೊಡ್ಡ ಕಂಪನಿಗಳು ತಾವೇ ಯಾಕೆ ಮಾಡಲ್ಲ? ಖರ್ಚು. 2024-25ಕ್ಕೆ ಬರಲಿದ್ದ ದೊಡ್ಡ ಆಟಗಳ ಬಜೆಟ್ 20 ಕೋಟಿ ಡಾಲರ್ ಮುಟ್ಟುತ್ತೆ, ಅದಕ್ಕಿಂತ ಹೆಚ್ಚೂ ಆಗುತ್ತೆ ಅಂತ ಬ್ರಿಟನ್‌ನ ಸ್ಪರ್ಧಾ ನಿಯಂತ್ರಣ ಸಂಸ್ಥೆ 2023ರ ವರದಿಯಲ್ಲಿ ಹೇಳಿತ್ತು. ನಮ್ಮ ಲೆಕ್ಕದಲ್ಲಿ 1,600 ಕೋಟಿ ರೂಪಾಯಿಗೂ ಮೇಲೆ. ಅಷ್ಟು ದುಡ್ಡು ಹಾಕುವವರು ಎಡದಿಂದ ಬಲಕ್ಕೆ ಓಡೋ ಹಳೇ ಆಟಕ್ಕೆ ಕೈ ಹಾಕಲ್ಲ. ಹೆಸರು ಗೋಡೌನ್‌ನಲ್ಲಿ ಧೂಳು ತಿನ್ನುತ್ತಾ ಬಿದ್ದಿರುತ್ತೆ. ಇಪ್ಪತ್ತು ಮೂವತ್ತು ಜನರ ಸ್ಟುಡಿಯೋಗೆ ಅದೇ ದೊಡ್ಡ ಅವಕಾಶ.

ಅಭಿಮಾನಿ ಕೈಗೆ ಬೀಗದ ಕೈ

ಈ ಪದ್ಧತಿ ಬಗ್ಗೆ ಮಾತಾಡುವವರು ಮೊದಲು ತೆಗೆಯೋದೇ ಸೋನಿಕ್ ಕಥೆ. ಸೆಗಾದ ನೀಲಿ ಮುಳ್ಳುಹಂದಿ, 1991ರಲ್ಲಿ ಹುಟ್ಟಿದ್ದು. ಆಸ್ಟ್ರೇಲಿಯಾದ ಕ್ರಿಶ್ಚಿಯನ್ ವೈಟ್‌ಹೆಡ್ ಅದರ ಅಭಿಮಾನಿ. ಬರೀ ಆಡುವ ಅಭಿಮಾನಿ ಅಲ್ಲ, ಹಳೇ ಸೋನಿಕ್ ಆಟಗಳು ಹೇಗೆ ಓಡುತ್ತವೋ ಹಾಗೇ ಓಡಿಸಬಲ್ಲ ಒಂದು ಸಾಫ್ಟ್‌ವೇರ್ ಅನ್ನೇ ಸ್ವಂತವಾಗಿ ಬರೆದುಕೊಂಡಿದ್ದ. ಅದಕ್ಕೆ ರೆಟ್ರೋ ಎಂಜಿನ್ ಅಂತ ಹೆಸರು. 2009ರಲ್ಲಿ ‘ಸೋನಿಕ್ ಸಿಡಿ’ ಅನ್ನೋ ಹಳೇ ಆಟವನ್ನು ಐಫೋನಿನಲ್ಲಿ ಓಡಿಸಿ ವಿಡಿಯೋ ಹಾಕಿದ.

ಅನುಮತಿ ಇಲ್ಲದೆ ನಮ್ಮ ಆಟ ಮುಟ್ಟಿದ್ದೀಯಾ ಅಂತ ಸೆಗಾದವರು ನೋಟಿಸ್ ಕೊಡಬಹುದಿತ್ತು. ಕೊಡಲಿಲ್ಲ. 2011ರಲ್ಲಿ ಅವನ ಕೆಲಸವನ್ನೇ ಅಧಿಕೃತವಾಗಿ ಬಿಡುಗಡೆ ಮಾಡಿದರು. ಆಮೇಲೆ ಮೊದಲ ಎರಡು ಸೋನಿಕ್ ಆಟಗಳ ಮೊಬೈಲ್ ಆವೃತ್ತಿಯೂ ಅವನಿಗೇ, ಹೆಡ್‌ಕ್ಯಾನನ್ ಸ್ಟುಡಿಯೋದ ಸೈಮನ್ ಥಾಮ್ಲಿ ಜೊತೆ. ಇಬ್ಬರೂ ಅಭಿಮಾನಿಗಳ ಬಳಗದಿಂದಲೇ ಬಂದವರು. ಆಮೇಲೆ ವೈಟ್‌ಹೆಡ್ ಹೊಸ ಆಟದ ಒಂದು ಮಾದರಿ ತೋರಿಸಿದಾಗ ಸೋನಿಕ್ ಸರಣಿ ನೋಡಿಕೊಳ್ಳುವ ತಕಾಶಿ ಇಜುಕಾ ಒಪ್ಪಿದರು. 2017ರ ಆಗಸ್ಟ್‌ನಲ್ಲಿ ‘ಸೋನಿಕ್ ಮೇನಿಯಾ’ ಬಂತು. ಬೆಲೆ 20 ಡಾಲರ್. ಮೂರು ತಿಂಗಳೊಳಗೆ, ನವೆಂಬರ್‌ನಲ್ಲಿ, ಸೆಗಾದ ಸ್ವಂತ ಸೋನಿಕ್ ಟೀಮ್ ಮಾಡಿದ ‘ಸೋನಿಕ್ ಫೋರ್ಸಸ್’ ಬಂತು. ಅದರ ಬೆಲೆ 40 ಡಾಲರ್. ವಿಮರ್ಶಕರು ಮೆಚ್ಚಿ ಬರೆದಿದ್ದು 20 ಡಾಲರಿನ ಮೇನಿಯಾ ಬಗ್ಗೆ. ಫೋರ್ಸಸ್‌ಗೆ ಬೈಗುಳವೇ ಜಾಸ್ತಿ. 2018ರ ಏಪ್ರಿಲ್ ಹೊತ್ತಿಗೆ ಮೇನಿಯಾ ಹತ್ತು ಲಕ್ಷ ಪ್ರತಿ ದಾಟಿತ್ತು. ಮನೆ ಅಡುಗೆಗಿಂತ ಬಾಡಿಗೆ ಭಟ್ಟರ ಸಾರೇ ರುಚಿ ಅಂದ ಹಾಗಾಯಿತು.

ಕೇಳಿ ಪಡೆದವರೂ ಇದ್ದಾರೆ. ಕೆನಡಾದ ಬ್ರೇಸ್ ಯುವರ್‌ಸೆಲ್ಫ್ ಗೇಮ್ಸ್ ಹತ್ತಿರ ಹಾಡಿನ ತಾಳಕ್ಕೆ ಹೆಜ್ಜೆ ಹಾಕುವ ‘ಕ್ರಿಪ್ಟ್ ಆಫ್ ದಿ ನೆಕ್ರೋಡ್ಯಾನ್ಸರ್’ ಅನ್ನೋ ಸ್ವಂತ ಆಟ ಇತ್ತು. ಅದಕ್ಕೆ ಜೆಲ್ಡಾ ಸರಣಿಯ ಪಾತ್ರಗಳನ್ನು ಸೇರಿಸಿಕೊಳ್ಳಬಹುದಾ ಅಂತ ನಿಂಟೆಂಡೋಗೆ ಕೇಳಿದರು. ನಿಂಟೆಂಡೋ ಸಾಮಾನ್ಯವಾಗಿ ಇಂಥದ್ದಕ್ಕೆಲ್ಲ ಬಗ್ಗುವ ಕಂಪನಿ ಅಲ್ಲ. ಆದರೆ ಕೊನೆಗೆ ಅದು ಒಂದು ಪೂರ್ತಿ ಆಟವೇ ಆಗಿ, 2019ರ ಜೂನ್‌ನಲ್ಲಿ ‘ಕೇಡೆನ್ಸ್ ಆಫ್ ಹೈರೂಲ್’ ಅಂತ ಹೊರಬಂತು.

ಕಾಗದ ಇಲ್ಲದಿದ್ದರೆ?

ಇದೇ ನಿಂಟೆಂಡೋದ ಇನ್ನೊಂದು ಮುಖ ನೋಡಿ. ಅರ್ಜೆಂಟೀನಾದ ಮಿಲ್ಟನ್ ಗುವಾಸ್ತಿ ‘ಮೆಟ್ರಾಯ್ಡ್’ ಸರಣಿಯ ಅಭಿಮಾನಿ. 1991ರಲ್ಲಿ ಗೇಮ್ ಬಾಯ್‌ನ ಕಪ್ಪು ಬಿಳುಪು ಪರದೆಗೆ ಬಂದ ಎರಡನೇ ಮೆಟ್ರಾಯ್ಡ್ ಆಟವನ್ನು ಬಣ್ಣದಲ್ಲಿ ಹೊಸದಾಗಿ ಮಾಡಬೇಕು ಅನ್ನೋ ಹಠ. ಸುಮಾರು ಹತ್ತು ವರ್ಷ ಅದರ ಮೇಲೆ ಕೂತ. ಸರಣಿಗೆ 30 ವರ್ಷ ತುಂಬಿದ ದಿನ, 2016ರ ಆಗಸ್ಟ್ 6ರಂದು, ಒಂದು ಪೈಸೆ ತಗೊಳ್ಳದೆ ಎಲ್ಲರಿಗೂ ಬಿಟ್ಟ. ಆಡಿದವರು ಕೊಂಡಾಡಿದರು.

ಕೆಲವೇ ದಿನಗಳಲ್ಲಿ ನಿಂಟೆಂಡೋದ ಕಾನೂನು ನೋಟಿಸ್ ಬಂತು, ಡೌನ್‌ಲೋಡ್ ಕೊಂಡಿಗಳೆಲ್ಲ ಮಾಯವಾದವು. ಮುಂದಿನ ತಿಂಗಳು ಗುವಾಸ್ತಿ ಕೆಲಸ ನಿಲ್ಲಿಸಿದ. ಒಂದು ವರ್ಷ ಕಳೆದ ಮೇಲೆ, 2017ರ ಸೆಪ್ಟೆಂಬರ್‌ನಲ್ಲಿ, ಅದೇ ಹಳೇ ಆಟದ ಹೊಸ ರೂಪವನ್ನು ನಿಂಟೆಂಡೋ ತಾನೇ ಬಿಡುಗಡೆ ಮಾಡಿತು. ಅದನ್ನೂ ಮಾಡಿದ್ದು ಹೊರಗಿನ ಸ್ಟುಡಿಯೋವೇ, ಸ್ಪೇನ್ ದೇಶದ ಮರ್ಕ್ಯುರಿಸ್ಟೀಮ್. ಅವರ ಕೈಯಲ್ಲಿ ಕಾಗದ ಇತ್ತು, ಇವನ ಕೈಯಲ್ಲಿ ಇರಲಿಲ್ಲ.

ಕಾನೂನು ಪ್ರಕಾರ ನಿಂಟೆಂಡೋದ್ದು ತಪ್ಪಿಲ್ಲ. ಫ್ರೀ ಕೊಟ್ಟೆ ಅನ್ನೋದು ಅನುಮತಿ ಇಲ್ಲದಿರೋದಕ್ಕೆ ನೆಪ ಆಗಲ್ಲ. ಆದರೂ ಹತ್ತು ವರ್ಷದ ಕೆಲಸ ಹತ್ತು ದಿನವೂ ನಿಲ್ಲಲಿಲ್ಲವಲ್ಲ ಅಂತ ನನಗಂತೂ ಹೊಟ್ಟೆ ಉರಿಯಿತು. ಆ ಕೆಲಸ ಪೂರ್ತಿ ವ್ಯರ್ಥ ಆಗಲಿಲ್ಲ ಅನ್ನೋದೊಂದು ಸಮಾಧಾನ. ಅದನ್ನು ಗಮನಿಸಿದ ಮೂನ್ ಸ್ಟುಡಿಯೋಸ್ ಅವನನ್ನು ಕೆಲಸಕ್ಕೆ ತಗೊಂಡಿತು, 2020ರ ‘ಓರಿ ಅಂಡ್ ದಿ ವಿಲ್ ಆಫ್ ದಿ ವಿಸ್ಪ್ಸ್’ ಆಟದಲ್ಲಿ ಅವನ ಪಾಲಿದೆ.

ನಮ್ಮಲ್ಲಿ ಫ್ಲೆಕ್ಸ್ ಅಂಗಡಿಯವರು ಹುಟ್ಟುಹಬ್ಬದ ಬ್ಯಾನರ್ ಮೇಲೆ ಛೋಟಾ ಭೀಮ್ ಹಾಕಿಕೊಡ್ತಾರೆ, ಸ್ಕೂಲ್ ಬ್ಯಾಗ್ ಮೇಲೆ ಮಾರಿಯೋ ಇರ್ತಾನೆ. ಕೇಳೋರಿಲ್ಲ ಅಂತ ನಡೀತಿದೆ ಅಷ್ಟೇ. ನಮ್ಮ 1957ರ ಕಾಪಿರೈಟ್ ಕಾಯ್ದೆ ಪ್ರಕಾರವೂ ಲೈಸೆನ್ಸ್ ಅನ್ನೋದು ಬರವಣಿಗೆಯಲ್ಲೇ ಇರಬೇಕು, ‘ಅವರು ಫೋನಲ್ಲಿ ಹೂಂ ಅಂದಿದ್ರು’ ಅಂದರೆ ನಡೆಯಲ್ಲ. ಇನ್ನೊಂದು ವಿಷಯ ಗೊತ್ತಿರಲಿ: ಎಷ್ಟು ವರ್ಷಕ್ಕೆ ಅಂತ ಕಾಗದದಲ್ಲಿ ಬರೆಯದಿದ್ದರೆ ಐದು ವರ್ಷ ಅಂತಲೂ, ಎಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ ಅಂತಲೂ ಕಾನೂನು ಲೆಕ್ಕ ಹಿಡಿಯುತ್ತೆ. ಹಾಡು, ಚಿತ್ರ, ಆ್ಯಪ್ ಏನೇ ಮಾಡಿ ಬೇರೆಯವರಿಗೆ ಕೊಡುವ ಹುಡುಗರು ಸಹಿ ಹಾಕುವ ಮೊದಲು ಈ ಎರಡು ಸಾಲು ಹುಡುಕಿ ನೋಡಬೇಕು.

ಕಾಗದ ಇದ್ದರೂ ಕಷ್ಟ ಇದೆ

ಮೇನಿಯಾ ಅಷ್ಟು ಚೆನ್ನಾಗಿ ಹೋಯಿತಲ್ಲ, ಎರಡನೇ ಮೇನಿಯಾ ಎಲ್ಲಿ? ಬರಲೇ ಇಲ್ಲ. ವೈಟ್‌ಹೆಡ್ ಮತ್ತು ಗೆಳೆಯರು 2018ರಲ್ಲಿ ಈವ್ನಿಂಗ್ ಸ್ಟಾರ್ ಅಂತ ಸ್ವಂತ ಸ್ಟುಡಿಯೋ ಕಟ್ಟಿ, 2024ರಲ್ಲಿ ‘ಪೆನ್ನೀಸ್ ಬಿಗ್ ಬ್ರೇಕ್‌ಅವೇ’ ಅನ್ನೋ ತಮ್ಮದೇ ಆಟ ತಂದರು. ಸೋನಿಕ್ ಸೆಗಾದ ಹತ್ತಿರವೇ ಉಳಿಯಿತು. ಎಷ್ಟೇ ಚೆನ್ನಾಗಿ ದುಡಿದರೂ ಹೊಲ ಗೇಣಿಯದ್ದೇ.

ಬೈಗುಳದ ಲೆಕ್ಕವೂ ಬೇರೆ ಇದೆ. 2022ರ ಜೂನ್‌ನಲ್ಲಿ ಹಳೇ ಸೋನಿಕ್ ಆಟಗಳನ್ನು ಒಟ್ಟುಗೂಡಿಸಿ ಸೆಗಾ ‘ಸೋನಿಕ್ ಒರಿಜಿನ್ಸ್’ ಬಿಟ್ಟಾಗ ಅದರಲ್ಲಿ ದೋಷಗಳು ಕಂಡವು. ಆಟಗಾರರು ಕೆಲಸ ಮಾಡಿದ ಹೆಡ್‌ಕ್ಯಾನನ್ ಕಡೆ ಬೆರಳು ತೋರಿಸಿದರು. ನಾವು ಕೊಟ್ಟ ರೂಪಕ್ಕೂ ಅಂಗಡಿಗೆ ಬಂದ ರೂಪಕ್ಕೂ ವ್ಯತ್ಯಾಸ ಇದೆ, ಇದನ್ನು ನೋಡಿ ನಮಗೂ ಬೇಸರ ಆಗಿದೆ ಅನ್ನೋ ಅರ್ಥದಲ್ಲಿ ಥಾಮ್ಲಿ ಬಹಿರಂಗವಾಗಿಯೇ ಬರೆದರು. ಗುತ್ತಿಗೆಗೆ ಮನೆ ಕಟ್ಟಿಕೊಟ್ಟ ಮೇಸ್ತ್ರಿಗೆ ಈ ನೋವು ಗೊತ್ತಿರುತ್ತೆ. ಕೊನೆಯಲ್ಲಿ ಬಣ್ಣ ಬಳಿದವರು ಬೇರೆ, ಗೋಡೆ ಸೀಳಿದರೆ ಬೈಸಿಕೊಳ್ಳುವವನು ಇವನು.

ಇನ್ನು ಹೆಸರು ಬರೋದು. ಸಿನಿಮಾದ ಹಾಗೆ ಗೇಮ್ ಕೊನೆಯಲ್ಲೂ ಮಾಡಿದವರ ಪಟ್ಟಿ ಓಡುತ್ತೆ, ಮುಂದಿನ ಕೆಲಸ ಕೇಳುವಾಗ ಅದೇ ದಾಖಲೆ. 2021ರ ‘ಮೆಟ್ರಾಯ್ಡ್ ಡ್ರೆಡ್’ ಮಾಡಿದ ಮರ್ಕ್ಯುರಿಸ್ಟೀಮ್‌ನಲ್ಲಿ ಕೆಲಸ ಮಾಡಿದ್ದ ಕೆಲವರ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ಆಟ ತಯಾರಾದ ಅವಧಿಯಲ್ಲಿ ಕನಿಷ್ಠ ನಾಲ್ಕನೇ ಒಂದು ಭಾಗ ದುಡಿದಿರಬೇಕು ಅನ್ನೋದು ಸ್ಟುಡಿಯೋದ ನಿಯಮ ಅಂತೆ. ತಿಂಗಳುಗಟ್ಟಲೆ ದುಡಿದವನಿಗೂ ಒಂದು ಸಾಲು ಇಲ್ಲ!

ಕೊಟ್ಟ ಮಾತ್ರಕ್ಕೆ ಆಟ ಒಳ್ಳೇದಾಗುತ್ತೆ ಅಂತಲೂ ಇಲ್ಲ. ಕೊನಾಮಿ 2019ರಲ್ಲಿ ಹೊರಗಿನವರಿಂದ ಮಾಡಿಸಿದ ‘ಕಾಂಟ್ರಾ: ರೋಗ್ ಕೋರ್’ ನೆಲಕಚ್ಚಿತು. ಆಮೇಲೆ ಗಲುಗಾ ಕೊಟ್ಟಿದ್ದು 2007ರಲ್ಲೇ ‘ಕಾಂಟ್ರಾ 4’ ಮಾಡಿ ಕೈ ಪಳಗಿದ್ದ ವೇಫಾರ್ವರ್ಡ್‌ಗೆ. 1990ರಲ್ಲಿ ಶುರುವಾದ ಈ ಸ್ಟುಡಿಯೋ ಬೇರೆಯವರ ಹೆಸರಿನ ಆಟ ಮಾಡಿ ಹೊಟ್ಟೆ ಹೊರೆದುಕೊಂಡೇ 2002ರಿಂದ ‘ಶಾಂಟೇ’ ಅನ್ನೋ ಸ್ವಂತ ಸರಣಿಯನ್ನೂ ಬೆಳೆಸಿಕೊಂಡು ಬಂದಿದೆ. ನನ್ನನ್ನು ಕೇಳಿದರೆ ಜಾಣತನ ಅಂದ್ರೆ ಇದು.

ಬೆಂಗಳೂರಿಗೂ ಇದರ ಸಣ್ಣ ನಂಟಿದೆ. 1997ರಲ್ಲಿ ಅಲ್ಲಿ ಶುರುವಾದ ಧ್ರುವ ಇಂಟರ್‌ಆ್ಯಕ್ಟಿವ್ ವಿದೇಶಿ ಕಂಪನಿಗಳ ದೊಡ್ಡ ಆಟಗಳಿಗೆ ಗುತ್ತಿಗೆ ಮೇಲೆ ಚಿತ್ರ, ವಿನ್ಯಾಸ ಮಾಡಿಕೊಡ್ತಿತ್ತು. 2019ರಲ್ಲಿ ಜಿಟಿಎ ಆಟದ ರಾಕ್‌ಸ್ಟಾರ್ ಅದನ್ನು ಕೊಂಡುಕೊಂಡಿತು. ಆದರೆ ಬಿಡಿಭಾಗ ಮಾಡಿಕೊಡೋದು ಬೇರೆ, ಹೆಸರನ್ನೇ ನಂಬಿ ಒಂದು ಪೂರ್ತಿ ಆಟ ಕೈಗೆ ಕೊಡೋದು ಬೇರೆ.

ಮೊಬೈಲ್ ಅಂಗಡಿ ಅಣ್ಣನಿಗೆ ಕೊನೆಗೆ ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡಿ ತೆಗೆದು ತೋರಿಸಿದೆ. ಅಲ್ಲಿ ಪ್ರತಿ ಆಟದ ಪುಟದಲ್ಲೂ ಎರಡು ಸಾಲು ಇರುತ್ತೆ: ಡೆವಲಪರ್ ಅಂದರೆ ಮಾಡಿದವರು, ಪಬ್ಲಿಷರ್ ಅಂದರೆ ಹೊರತಂದವರು. ಗಲುಗಾ ಪುಟದಲ್ಲಿ ಮೊದಲನೆಯದು ವೇಫಾರ್ವರ್ಡ್, ಎರಡನೆಯದು ಕೊನಾಮಿ. ಅವರು ಎರಡನ್ನೂ ಓದಿ, “ನಮ್ಮ ಕ್ಯಾಸೆಟ್ ಮೇಲೆ ಏನಿತ್ತೋ?” ಅಂದರು. ನನಗೆ ನೆನಪಿದ್ದದ್ದು ‘9999 ಇನ್ 1’ ಅನ್ನೋದು ಮಾತ್ರ. ಮಾಡಿದವರ ಹೆಸರೂ ಇರಲಿಲ್ಲ, ಮಾರಿದವರ ಹೆಸರೂ ಇರಲಿಲ್ಲ.