ಕಂಪನಿಗಳ ಕೆಲಸ ಕ್ಯಾಂಪಸ್ ಸಂದರ್ಶನಕ್ಕಷ್ಟೇ ಸೀಮಿತವೇ?

‘ಚೆನ್ನಾಗಿ ಓದಿದರೆ ಸಾಕು, ಕಂಪನಿಗಳೇ ಕಾಲೇಜಿಗೆ ಬಂದು ಕೆಲಸ ಕೊಡುತ್ತವೆ’ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಇದು ಅರ್ಧ ಸತ್ಯ.

ಬಂಟ್ವಾಳದ ಬೆಂಜನಪದವು, ಬೆಳ್ತಂಗಡಿಯ ಉಜಿರೆ, ಮೂಡುಬಿದಿರೆಯ ಮಿಜಾರು, ಹೀಗೆ ಮೂರೂ ತಾಲೂಕುಗಳಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಆದರೆ ಆ ದಾರಿ ಹಿಡಿಯಬೇಕೇ ಎಂಬುದು ಬಹುಮಟ್ಟಿಗೆ ಎಸ್ಸೆಸ್ಸೆಲ್ಸಿ ಮುಗಿದಾಗಲೇ ತೀರ್ಮಾನವಾಗುತ್ತದೆ. ಎಂಜಿನಿಯರ್ ಕೆಲಸ ಮಾಡುವುದನ್ನು ಕಣ್ಣಾರೆ ನೋಡದ ಮಕ್ಕಳು ಅದನ್ನು ಆರಿಸುವುದಾದರೂ ಹೇಗೆ? ಹಾಗಾಗಿ ಕಂಪನಿಗಳು ಇನ್ನೂ ಮೊದಲೇ ಬರಬೇಕು.

ಏನು ಮಾಡಬಹುದು?

1. ಬಾಗಿಲು ತೆರೆಯಬಹುದು. ಗೇರುಬೀಜ ಕಾರ್ಖಾನೆಯ ಬಾಯ್ಲರ್ ನೋಡಿದ ಎಂಟನೇ ತರಗತಿಯ ಹುಡುಗಿಗೆ ಉಗಿ, ಒತ್ತಡದ ಪಾಠ ಬಾಯಿಪಾಠವಾಗಿ ಉಳಿಯುವುದಿಲ್ಲ.

2. ಕೆಲಸ ಕಲಿಸಬಹುದು. ಅಪ್ರೆಂಟಿಸ್ ನಿಯಮದಂತೆ 30 ಅಥವಾ ಹೆಚ್ಚು ಸಿಬ್ಬಂದಿ ಇರುವ ಸಂಸ್ಥೆಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಕಲಿಯುವವರಿಗೆ ಸ್ಟೈಪೆಂಡ್ ಸಿಗುತ್ತದೆ.

3. ಶುಲ್ಕ ಭರಿಸಬಹುದು. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ನಿವ್ವಳ ಲಾಭದ ಕನಿಷ್ಠ ಶೇ 2ರಷ್ಟನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕು. ಶಿಕ್ಷಣವೂ ಆ ಪಟ್ಟಿಯಲ್ಲಿದೆ. ಇನ್ಫೋಸಿಸ್ ಫೌಂಡೇಶನ್ 2023ರಲ್ಲಿ ಆರಂಭಿಸಿದ ‘ಸ್ಟೆಮ್ ಸ್ಟಾರ್ಸ್’ ವಿದ್ಯಾರ್ಥಿವೇತನ ವಿಜ್ಞಾನ, ಎಂಜಿನಿಯರಿಂಗ್ ಓದುವ ಹೆಣ್ಣುಮಕ್ಕಳಿಗಾಗಿಯೇ ಇದೆ.

ಒಂದು ಎಚ್ಚರಿಕೆ: ಇಂಥ ಹೆಸರುಗಳನ್ನೇ ಬಳಸಿ ನಕಲಿ ಲಿಂಕ್‌ಗಳೂ ಹರಿದಾಡುತ್ತವೆ. ಅರ್ಜಿಗೆ ಹಣವನ್ನೋ ಒಟಿಪಿಯನ್ನೋ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಕಂಪನಿಯ ಸ್ವಂತ ಜಾಲತಾಣದಲ್ಲಿ ಕೊನೆಯ ದಿನಾಂಕ ನೋಡಿಕೊಂಡು, ಆಮೇಲೆ ಶಾಲೆಯ ಗ್ರೂಪಿಗೆ ಕಳುಹಿಸಿ. ನಿಜವಾದ ಒಂದು ಫಾರ್ವರ್ಡ್‌ನಿಂದ ಒಂದು ಮಗುವಿನ ಓದು ಮುಂದುವರಿಯಬಹುದು.